ಹಳೇ ಲಾರಿ ಕ್ರೌನ್ ಪಿನಿಯನ್ ಎಷ್ಟಕ್ಕೆಷ್ಟು? ಖಡು (ಸೀಮೆಸುಣ್ಣ) ಹಿಡಕೊಂಡು ನೀವಾ ಎಣಿಸ್ರಿ

ನವಿ ಮುಂಬೈನ ಕಳಂಬೋಲಿ ಲೋಖಂಡ (ಕಬ್ಬಿಣ) ಮಾರ್ಕೆಟ್ ಮಗ್ಗಲ ಯಾವುದರ ಸ್ಪೇರ್ ಪಾರ್ಟ್ಸ್ ಅಂಗಡ್ಯಾಗ ಹೋಗಿ ಹಳೇ 1613 ಲಾರಿಗೆ ಕ್ರೌನ್ ಪಿನಿಯನ್, ಅಂದ್ರ ಹಿಂದಿನ ಆಕ್ಸಲ್ ಒಳಗಿನ ಹಲ್ಲಿನ ಚಕ್ರದ ಜೋಡಿ, ಕೊಡ್ರಿ ಅಂತ ನಿಂತ್ರ ಅಂಗಡಿಯವ ತಲಿ ಎತ್ತದಾ ಕೇಳೋದು ಒಂದಾ ಮಾತು, "ಛೇ ಇಕ್ತಾಲೀಸ್ ಕಿ ಸಾತ್ ಇಕ್ತಾಲೀಸ್?" ಅಂದ್ರ 6/41 ಏನು 7/41, ಪಿನಿಯನ್ನಿಗೆ ಎಷ್ಟು ಹಲ್ಲು, ಕ್ರೌನಿಗೆ ಎಷ್ಟು ಅಂತ. ಗೊತ್ತಿಲ್ಲ ಅಂದ್ರ "ದೇಖ್ ಕೆ ಆವೋ" (ನೋಡ್ಕೊಂಡು ಬಾ) ಅಂದು ಮುಂದಿನ ಗಿರಾಕಿ ಕಡೆ ತಿರುಗ್ತಾನ. ಗೊತ್ತಿಲ್ಲದಾ ಗೊತ್ತೈತಿ ಅಂದ್ರ ನನ್ನ ಗತಿ ಆಗ್ತೈತಿ.

ನನ್ನ ಗಾಡಿ ಗೋವಾದ್ದು. ಅಲ್ಲಿ 2012ರಾಗ ಒಮ್ಮೆ, 2018ರಾಗ ಮತ್ತೊಮ್ಮೆ ಗಣಿ ಬಂದ್ ಆದಾಗ ಅದಿರು ಹೊಡಿಯೋ ಟಿಪ್ಪರ್‌ಗಳು ಮನಿ ಮುಂದ, ತೆಂಗಿನ ಗಿಡದ ಕೆಳಗ ನಿಂತಲ್ಲೇ ನಿಂತು ತುಕ್ಕು ಹಿಡದಿದ್ವು, ಅಂಥಾದ್ರಾಗ ಒಂದು ಸಾವರ್ಡೆ ಕಡೆಯಿಂದ ನಂಗ ಸಿಕ್ತು. ಮಾರಿದವ "ಒರಿಜಿನಲ್ 6/41 ಐತಿ, ಹೌಸಿಂಗ್ ಕೈನೇ ಹಚ್ಚಿಲ್ಲ" ಅಂದ, ನಾನು ನಂಬಿದೆ. ಟಿಪ್ಪರ್ ಬಾಡಿ ಇಳಿಸಿ ಉದ್ದನ್ನ ಬಾಡಿ ಕಟ್ಟಿಸಿ ಪುಣೆ ಹುಬ್ಬಳ್ಳಿ ಲೈನಿಗೆ ಹಾಕಿದೆ. ಆರು ತಿಂಗಳಿಗೆ ಹಿಂದಿನಿಂದ ಗುಂಯ್ ಅನ್ನೋ ಸಪ್ಪಳ ಶುರು ಆತು, ಎಕ್ಸಲೇಟರ್ ಬಿಟ್ಟಾಗ ಇನ್ನೂ ಜಾಸ್ತಿ, ನಿಗಡಿ ಟ್ರಾನ್ಸ್‌ಪೋರ್ಟ್ ನಗರದಾಗಿನ ಮಿಸ್ತ್ರಿ ಕಾಕಾ ಕ್ಯಾಬಿನ್ ಏರದಾ ಬರೇ ಕೇಳೇ ಹೇಳಿದ್ರು, ಕ್ರೌನ್ ಪಿನಿಯನ್ ಹೋಗೈತಿ ತಮ್ಮಾ. ನಾನು ಕಳಂಬೋಲಿಗೆ ಹೋಗಿ ಎದಿ ಉಬ್ಬಿಸಿ 6/41 ಅಂದೆ, ಸೆಟ್ ತಂದೆ, ಕಾಕಾ ಗೋಳಾ, ಅಂದ್ರ ಕ್ರೌನ್ ಪಿನಿಯನ್ ಕುಂತಿರೋ ಡಿಫ್ರೆನ್ಶಿಯಲ್ ಭಾಗ, ಇಳಿಸಿ ತೊಳದು ನೋಡಿದ್ರ ಒಳಗಿದ್ದದ್ದು 7/41. ಅಂಗಡಿಯವ ವಾಪಸ್ ತಗೊಳಾಕ ರೊಕ್ಕ ಕಟ್ ಮಾಡಿದ, ಮೂರು ದಿನ ಹೋತು, ಬುಕ್ ಆಗಿದ್ದ ಲೋಡ್ ಬ್ಯಾರೆ ಗಾಡಿಗೆ ಹೋತು. ಅವನ ತಪ್ಪೇನಿಲ್ಲ ಬಿಡ್ರಿ, ನಾನು ಹೇಳಿದ್ದನ್ನಾ ಕೊಟ್ಟಿದ್ದ. ಅವತ್ತಿಂದ ಯಾವ ಹಳೇ ಗಾಡಿ ನೋಡಾಕ ಹೋದ್ರೂ ಕಿಸೇದಾಗ ಒಂದು ಖಡು ಇಟ್ಕೊಂಡಾ ಹೋಗ್ತೀನಿ.

ಮೊದಲ ಈ ಲೆಕ್ಕ ಅಂದ್ರ ಏನು ಅಂತ ಗೊತ್ತಿಲ್ಲದವರಿಗೆ. ಹಿಂದಿನ ಹೌಸಿಂಗ್‌ನಾಗ ದೊಡ್ಡ ಹಲ್ಲಿನ ಚಕ್ರ ಕ್ರೌನ್, ಪ್ರೊಪೆಲ್ಲರ್ ಶಾಫ್ಟಿಗೆ ಕೂಡಿರೋ ಸಣ್ಣದು ಪಿನಿಯನ್. ಕ್ರೌನಿನ ಹಲ್ಲಿಗೆ ಪಿನಿಯನ್ ಹಲ್ಲಿಂದ ಭಾಗಿಸಿದ್ರ ರೇಶಿಯೋ ಬರ್ತೈತಿ, 41ನ್ನ 6ರಿಂದ ಭಾಗಿಸಿದ್ರ 6.83, 41ನ್ನ 7ರಿಂದ ಭಾಗಿಸಿದ್ರ 5.86, 37ನ್ನ 6ರಿಂದ ಅಂದ್ರ 6.17. ಅಂದ್ರ ಗಾಲಿ ಒಂದು ಸುತ್ತು ಬರಬೇಕಂದ್ರ ಶಾಫ್ಟ್ ಅಷ್ಟು ಸುತ್ತು ತಿರುಗಬೇಕು. ಸಂಖ್ಯೆ ದೊಡ್ಡದಿದ್ರ ಎಳಿಯೋ ತಾಕತ್ತು ಜಾಸ್ತಿ, ಓಟ ಕಮ್ಮಿ. ಸಣ್ಣದಿದ್ರ ಉಲ್ಟಾ. ಅಂಗಡ್ಯಾಗ ಪಿನಿಯನ್ ಹಲ್ಲು ಮೊದಲ ಹೇಳ್ತಾರ, ಕ್ರೌನ್ ಆಮ್ಯಾಲ, ಅದಕ್ಕ ಛೇ ಇಕ್ತಾಲೀಸ್.

ಇನ್ನ ಕೆಲವರು ಕೇಳ್ತಾರ, ಆರ್‌ಸಿ ಬುಕ್‌ನಾಗ ಇರೋದಿಲ್ಲೇನು ಅಂತ. ಇರೋದಿಲ್ಲ. 1613 ಅನ್ನೋ ಹೆಸರಿನಾಗ 16 ಅಂದ್ರ ಸುಮಾರು 16 ಟನ್ ಒಟ್ಟು ತೂಕ, 13 ಅಂದ್ರ ಸುಮಾರು 130 ಹಾರ್ಸ್ ಪವರ್, ಹಿಂದಿನ ಹಲ್ಲಿನ ಸುದ್ದಿ ಅದ್ರಾಗ ಇಲ್ಲ. ಹೌಸಿಂಗ್ ಮ್ಯಾಲ ಒಂದು ಸಣ್ಣ ತಗಡಿನ ಪಟ್ಟಿ ಇಲ್ಲಂದ್ರ ಹೊಡದ ನಂಬರ್ ಇರಬಹುದು, ಗ್ರೀಸು ಮಣ್ಣು ಕೆರದು ವೈರ್ ಬ್ರಶ್ ಹಾಕಿ ನೋಡ್ರಿ, ಸಿಕ್ರ ಫೋಟೋ ಹೊಡ್ಕೋರಿ, ಆದ್ರ ನಂಬಬ್ಯಾಡ್ರಿ. ಹಳೇ ಗಾಡಿ ಅಂದ್ರ 20, 25 ವರ್ಷದಾಗ ಒಂದಲ್ಲ ಒಂದ್ಸಲ ಗೋಳಾ ಇಳದಾ ಇರ್ತೈತಿ, ಆವಾಗ ಕೈಗೆ ಸಿಕ್ಕ ಸೆಟ್ ಹಾಕಿರ್ತಾರ, ಇಲ್ಲ ಗುಜರಿಯಿಂದ ಹೌಸಿಂಗ್‌ನ್ನಾ ಪೂರ್ತಿ ತಂದು ಕೂಡಿಸಿರ್ತಾರ. ಪಟ್ಟಿ ಹೇಳೋದು ಕಾರ್ಖಾನಿಯಿಂದ ಹೊರಗ ಬಂದ ದಿನದ ಮಾತು ಅಷ್ಟಾ.

ಅದಕ್ಕ ಎಣಿಸಬೇಕು. ಗೋಳಾ ಇಳಿಸೋದು ಬ್ಯಾಡ, ಎಣ್ಣಿ ಬಸಿಯೋದು ಬ್ಯಾಡ, ಒಂದು ಜಾಕ್, ಒಂದು ಖಡು, ಇಬ್ಬರು ಮಂದಿ, ಅರ್ಧ ತಾಸು.

ಗಾಡಿ ಖಾಲಿ ಇರಬೇಕು, ನೆಲ ಸಪಾಟ ಇರಬೇಕು, ಡಾಂಬರ್ ಇಲ್ಲಂದ್ರ ಕಾಂಕ್ರೀಟ್. ಇಳಿಜಾರಿನಾಗ ಈ ಕೆಲಸಕ್ಕ ಕೈ ಹಚ್ಚಲೇಬ್ಯಾಡ್ರಿ ಯಾಕಂದ್ರ ಇಲ್ಲಿ ನಾವು ಗೇರನ್ನೂ ನ್ಯೂಟ್ರಲ್ ಮಾಡ್ತೀವಿ, ಹ್ಯಾಂಡ್ ಬ್ರೇಕನ್ನೂ ಬಿಡ್ತೀವಿ, ಅಂದ್ರ ಗಾಡಿ ನಿಂತಿರೋದು ಬರೇ ಗಾಲಿಗೆ ಕೊಟ್ಟ ಅಡ್ಡದ ಮ್ಯಾಲ. ಮುಂದಿನ ಎರಡೂ ಗಾಲಿಗೆ ಹಿಂದ ಮುಂದ ಎರಡೂ ಕಡೆ ದಪ್ಪನ್ನ ಕಟಗಿ ಕೊಡ್ರಿ, ಎತ್ತದಾ ಇರೋ ಹಿಂದಿನ ಮಗ್ಗಲಿಗೂ ಕೊಡ್ರಿ, ಇಟ್ಟಂಗಿ ಕೊಡಬ್ಯಾಡ್ರಿ, ಇಟ್ಟಂಗಿ ಒಡದು ಪುಡಿ ಆಗಿದ್ದನ್ನ ನಾನು ನೋಡೀನಿ. ಜಾಕ್ ಆಕ್ಸಲ್ ಕೆಳಗ, ಪಟ್ಟಾ (ಲೀಫ್ ಸ್ಪ್ರಿಂಗ್) ಕೂಡಿರೋ ಜಾಗದ ಹತ್ರ. ಗಾಲಿ ನೆಲ ಬಿಟ್ಟು ಎರಡು ಬೆರಳು ಎದ್ರ ಸಾಕು. ಎತ್ತಿದ ಮ್ಯಾಲ ಆಕ್ಸಲ್ ಕೆಳಗ ಸ್ಟ್ಯಾಂಡ್ ಇಲ್ಲ ಸ್ಲೀಪರ್ ಕಟಗಿ ಕೊಟ್ಟು ಜಾಕ್ ಒಂಚೂರು ಇಳಿಸಿ ಭಾರ ಅದರ ಮ್ಯಾಲ ಬಿಡ್ರಿ, ಬರೇ ಜಾಕ್ ನಂಬಿ ಕೆಳಗ ತಲಿ ಹಾಕಬ್ಯಾಡ್ರಿ.

ಈಗ ಬ್ರೇಕ್. ಸ್ಪ್ರಿಂಗ್ ಬ್ರೇಕ್ ಇರೋ ಗಾಡಿ ಆದ್ರ ಗಾಳಿ ಇಲ್ಲದಾಗ ಗಾಲಿ ಬಿಗಿ ಹಿಡದಿರ್ತೈತಿ, ಅದಕ್ಕ ಎತ್ತೋಕಿಂತ ಮೊದಲಾ ಇಂಜಿನ್ ಚಾಲೂ ಮಾಡಿ ಗಾಳಿ ಫುಲ್ ಮಾಡಿಕೊಂಡು ಬಂದ್ ಮಾಡ್ರಿ, ಆಮ್ಯಾಲ ಹ್ಯಾಂಡ್ ಬ್ರೇಕ್ ಬಿಡ್ರಿ. ಹಳೇ ಗಾಡಿ ಗಾಳಿ ಸೋರ್ತೈತಿ, ಎಣಿಸ್ತಾ ಎಣಿಸ್ತಾ ನಡುವ ಗಾಲಿ ತಾನಾ ಬಿಗಿ ಆತು ಅಂದ್ರ ಹೌಹಾರಬ್ಯಾಡ್ರಿ, ಮೀಟರ್‌ನಾಗ ಗಾಳಿ ಎಷ್ಟೈತಿ ನೋಡ್ರಿ. ಬ್ರೇಕ್ ಚೇಂಬರಿನ ಹಿಂದ ಸ್ಪ್ರಿಂಗ್ ಬಿಡಿಸೋ ಬೋಲ್ಟ್ ಇರ್ತೈತಿ, ಗೊತ್ತಿದ್ದವರು ಅದನ್ನ ಬಳಸಬಹುದು, ಆದ್ರ ಚೇಂಬರಿನ ಸುತ್ತ ಇರೋ ಕ್ಲಾಂಪ್ ಪಟ್ಟಿ ಮಾತ್ರ ಯಾರೂ ಬಿಚ್ಚಬ್ಯಾಡ್ರಿ, ಒಳಗಿನ ಸ್ಪ್ರಿಂಗ್ ಹಾರಿದ್ರ ಜೀವಾನ ಹೋಗ್ತೈತಿ. ಇನ್ನೂ ಹಳೇ ಕೆಲವು ಗಾಡಿಗಳಾಗ ಹ್ಯಾಂಡ್ ಬ್ರೇಕ್ ಗೇರ್ ಬಾಕ್ಸ್ ಹಿಂದ ಶಾಫ್ಟಿಗೇ ಹಿಡೀತೈತಿ, ಅದನ್ನೂ ಬಿಟ್ಟಿರಬೇಕು.

ಗುರುತು ಹಾಕೋದು. ಎತ್ತಿದ ಗಾಲಿಯ ಟೈರ್ ಮ್ಯಾಲ ನೆಟ್ಟಗ ಕೆಳಗ, ನೆಲಕ್ಕ ಹತ್ತೋ ಕಡೆ ಖಡೂಲೇ ಒಂದು ಗೆರಿ, ಅದರ ಎದುರು ನೆಲದ ಮ್ಯಾಲ ಒಂದು ಗೆರಿ. ಪಿನಿಯನ್ ಫ್ಲ್ಯಾಂಜ್ ಮ್ಯಾಲ, ಅಂದ್ರ ಪ್ರೊಪೆಲ್ಲರ್ ಶಾಫ್ಟಿನ ಕೊನೀಗೆ ಒಂದು ಗೆರಿ, ಎದುರಿಗೆ ಹೌಸಿಂಗ್ ಮೂತಿ ಮ್ಯಾಲ ಒಂದು ಗೆರಿ. ಎಣ್ಣಿ ಹತ್ತಿದ ಕಡೆ ಖಡು ಹಿಡಿಯೋದಿಲ್ಲ, ಮೊದಲ ಡೀಸಲ್ ಬಟ್ಟಿಲೇ ಒರಸ್ರಿ. ಗೆರಿ ಸಣ್ಣಗ ಇರಲಿ, ದಪ್ಪ ಗೆರಿ ಎಳದ್ರ ಆಮ್ಯಾಲ ಯಾವ ಅಂಚು ಅಂತ ಜಗಳ ಆಗ್ತೈತಿ.

ಇಲ್ಲೇ ಭಾಳ ಮಂದಿ ತಪ್ಪೋದು. ಒಂದಾ ಮಗ್ಗಲ ಎತ್ತೀವಿ, ಆ ಕಡೆ ಗಾಲಿ ನೆಲದ ಮ್ಯಾಲ ಕುಂತೈತಿ. ಡಿಫ್ರೆನ್ಶಿಯಲ್ ಇರೋದರಿಂದ ಒಂದು ಗಾಲಿ ನಿಂತ್ರ ಒಳಗಿನ ಸಣ್ಣ ಹಲ್ಲಿನ ಚಕ್ರ, ಸ್ಟಾರ್ ಪಿನಿಯನ್, ನಿಂತ ಗಾಲಿ ಕಡೆ ಗೇರಿನ ಮ್ಯಾಲ ಉರುಳಿ ಇನ್ನೊಂದು ಗಾಲಿ ಡಬಲ್ ತಿರುಗ್ತೈತಿ, ಕ್ರೌನ್ ಒಂದು ಸುತ್ತು ಬಂದ್ರ ಎತ್ತಿದ ಗಾಲಿ ಎರಡು ಸುತ್ತು. ಅದಕ್ಕ ಎತ್ತಿದ ಗಾಲಿಯ ಸುತ್ತನ್ನ ಯಾವಾಗ್ಲೂ ಅರ್ಧ ಮಾಡಬೇಕು. ಇದು ಗೊತ್ತಿಲ್ಲದಾ ಒಬ್ಬ ಪೋರ ನಂಗ "ಅಣ್ಣಾ ಇದರ ರೇಶಿಯೋ 3.4 ಐತಿ" ಅಂತ ಫೋನ್ ಮಾಡಿದ್ದ, 3.4 ಅಂದ್ರ ಅದು ಲಾರಿ ಅಲ್ಲ ಕಾರ್ ಆತು. ಎರಡೂ ಮಗ್ಗಲ ಎತ್ತೋದಾದ್ರ ಎರಡೂ ಗಾಲಿ ಸುತ್ತು ಎಣಿಸಿ ಕೂಡಿಸಿ ಎರಡರಿಂದ ಭಾಗಿಸಬೇಕು, ಒಬ್ಬ ಒಂದು ಗಾಲಿ ಹಿಡಕೊಂಡ್ರ ಅದೂ ಇದೇ ಲೆಕ್ಕ. ನಂಗ ಒಂದಾ ಮಗ್ಗಲ ಎತ್ತೋದು ಸಾಕು ಅನಸ್ತೈತಿ, ಕಮ್ಮಿ ಜಾಕು ಕಮ್ಮಿ ಅಪಾಯ.

ಡಬಲ್ ಟೈರ್ ಗಾಲಿ ಕೈಲೇ ತಿರುಗಿಸೋದು ಭಾರ, ಅದಕ್ಕ ಶಾಫ್ಟ್ ಕಡೆಯಿಂದ ತಿರುಗಿಸ್ರಿ, ಫ್ಲ್ಯಾಂಜಿನ ಬೋಲ್ಟುಗಳ ನಡುವ ಒಂದು ಸಣ್ಣ ಪಾರ (ಕಬ್ಬಿಣದ ಸಲಾಕಿ) ಸಿಗಿಸಿದ್ರ ಆರಾಮ ತಿರುಗ್ತೈತಿ. ಒಬ್ಬ ಶಾಫ್ಟ್ ತಿರುಗಿಸ್ತಾ ಜೋರಾಗಿ ಎಣಿಸಬೇಕು, ಇನ್ನೊಬ್ಬ ಗಾಲಿ ಸುತ್ತು ಎಣಿಸಬೇಕು, ಮನಸ್ಸಿನ್ಯಾಗ ಬ್ಯಾಡ, ಗಾಲಿ ಒಂದು ಸುತ್ತು ಆದಂಗ ನೆಲದ ಮ್ಯಾಲ ಒಂದು ಗೀಟು. ಶುರು ಮಾಡೋಕಿಂತ ಮೊದಲ ತಿರುಗಿಸೋ ದಿಕ್ಕಿಗೆ ಒತ್ತಿ ಸಡಿಲ ತಗೊಂಡು ಆಮ್ಯಾಲ ಗೆರಿ ಹಾಕ್ರಿ, ಹಳೇ ಹೌಸಿಂಗ್‌ನಾಗ ಆಟ, ಅಂದ್ರ ಹಲ್ಲುಗಳ ನಡುವಿನ ಸಡಿಲ, ಭಾಳ ಇರ್ತೈತಿ, ಒಂದಾ ದಿಕ್ಕಿಗೆ ತಿರುಗಿಸಬೇಕು, ನಡುವ ಹೊಳ್ಳಿ ಹಿಂದ ತಿರುಗಿಸಿದ್ರ ಲೆಕ್ಕ ಕೆಡ್ತೈತಿ.

ಈಗ ಮಿಸ್ತ್ರಿ ಕಾಕಾ ಹೇಳಿಕೊಟ್ಟ ಮಾತು, ಇದಕ್ಕಾಗೇ ನಾನು ಇಷ್ಟೆಲ್ಲಾ ಬರ್ಯಾಕತ್ತೀನಿ. ಹೆಚ್ಚಿನ ಮಂದಿ ಗಾಲಿ ಎರಡು ಸುತ್ತು ತಿರುಗಿಸಿ ಶಾಫ್ಟ್ ಆರೂ ಮುಕ್ಕಾಲು ಬಂತು, ಹಂಗಾರ 6.83 ಅಂತ ಅಂದಾಜು ಹೊಡೀತಾರ. ಮುಕ್ಕಾಲೋ ಮುಕ್ಕಾಲಿಗಿಂತ ಒಂಚೂರು ಜಾಸ್ತಿನೋ ಕಣ್ಣಿಗೆ ಗೊತ್ತಾಗೋದಿಲ್ಲ. 6/41 ಮತ್ತ 7/48 ನಡುವ ಫರಕು ಬರೇ 6.83ಕ್ಕೂ 6.86ಕ್ಕೂ ಇರೋವಷ್ಟು, ಎರಡು ಸುತ್ತಿನ್ಯಾಗ ಯಾವ ಜಾಣನೂ ಅದನ್ನ ಹಿಡಿಲಾರ. ಅದಕ್ಕ ಅಂದಾಜು ಮಾಡಬ್ಯಾಡ್ರಿ, ತಿರುಗಿಸ್ತಾನಾ ಹೋಗ್ರಿ, ಗಾಲಿ ಗೆರಿ ನೆಲದ ಗೆರೀಗೆ, ಶಾಫ್ಟಿನ ಗೆರಿ ಹೌಸಿಂಗ್ ಗೆರೀಗೆ, ಎರಡೂ ಒಂದಾ ಹೊತ್ತಿಗೆ ಬರೋಬ್ಬರಿ ಕೂಡೋ ತನಕ. ಕೂಡಿದ ಕೂಡ್ಲೇ ನಿಲ್ಲಿಸ್ರಿ. ಶಾಫ್ಟ್ ಎಷ್ಟು ಸುತ್ತು ಬಂತೋ ಅದಾ ಕ್ರೌನಿನ ಹಲ್ಲು, ಗಾಲಿ ಎಷ್ಟು ಸುತ್ತು ಬಂತೋ ಅದರ ಅರ್ಧ ಪಿನಿಯನ್ ಹಲ್ಲು. ಗಾಲಿ ಬೆಸ ಸುತ್ತಿಗೆ ಕೂಡಿದ್ರ, 7/48ರಾಗ 7ಕ್ಕೆ 24 ಕೂಡ್ತೈತಿ, ನಿಲ್ಲಿಸದಾ ಅಷ್ಟಾ ಇನ್ನೊಂದ್ಸಲ ತಿರುಗಿಸಿ ಎಣಿಸ್ರಿ. ಒಳಗ ನೋಡದಾ ಹಲ್ಲು ಎಣಿಸಿದಂಗಾತು.

6/41 ಇದ್ರ ಗಾಲಿ 12 ಸುತ್ತಿಗೆ ಶಾಫ್ಟ್ 41. 7/41 ಇದ್ರ ಗಾಲಿ 14ಕ್ಕೆ 41. 6/37 ಆದ್ರ 12ಕ್ಕೆ 37. ನಮ್ಮ ಮಾವನ ಹಳೇ ಮಹೀಂದ್ರಾ ಜೀಪ್ ಮ್ಯಾಲ ಮಾಡಿದಾಗ 16ಕ್ಕೆ 43 ಬಂತು, ಅಂದ್ರ 8/43, 5.38.

ಹಿಂಗ್ಯಾಕ ಆಗ್ತೈತಿ ಅಂದ್ರ ಹಲ್ಲಿನ ಸಂಖ್ಯೆ ಬೇಕಂತಲೇ ಒಂದಕ್ಕೊಂದು ಭಾಗ ಹೋಗದಂಗ ಇಟ್ಟಿರ್ತಾರ, 41ಕ್ಕೆ 6 ಆಗಲಿ 7 ಆಗಲಿ ಭಾಗ ಹೋಗೋದಿಲ್ಲ, ಅದರಿಂದ ಪಿನಿಯನ್ನಿನ ಒಂದೊಂದು ಹಲ್ಲೂ ಕ್ರೌನಿನ ಎಲ್ಲಾ ಹಲ್ಲಿಗೂ ಸರದಿ ಮ್ಯಾಲ ಹತ್ತತೈತಿ, ಸವೆಯೋದು ಸಮಾ ಸವೀತೈತಿ. ಹಂಗಾಗಿ 6/41ರಾಗ ಶುರುವಾದಾಗ ಕೂಡಿದ್ದ ಹಲ್ಲುಗಳು ಹೊಳ್ಳಿ ಕೂಡೋದು ಕ್ರೌನ್ ಆರು ಸುತ್ತು ಬಂದ ಮ್ಯಾಲನಾ. ಒಂದ್ಯಾಳೆ ಪಿನಿಯನ್ 2 ಹಲ್ಲು, 3 ಹಲ್ಲು ಅಂತ ಲೆಕ್ಕ ಬಂದ್ರ ಅಲ್ಲಿ ಸಂಖ್ಯೆಗಳು ಭಾಗ ಹೋಗೋ ಜೋಡಿ ಅಂತ ತಿಳೀರಿ, ರೇಶಿಯೋ ಸರೀನಾ ಇರ್ತೈತಿ, ಹಲ್ಲು ಅದರ ದುಪ್ಪಟ್ಟೋ ಮೂರು ಪಟ್ಟೋ ಇರ್ತಾವ.

ಆದ್ರ ಹುಷಾರ್, ನಡುವ ಮೋಸ ಮಾಡೋ ಜಾಗ ಐತಿ. 6/41ರಾಗ ಗಾಲಿ 5 ಸುತ್ತು ಬಂದಾಗ ಶಾಫ್ಟ್ 17 ಸುತ್ತು ದಾಟಿ ಒಂಚೂರು, ಗಡಿಯಾರದಾಗ ಒಂದು ತಾಸಿನ ಅಂತರ ಇರ್ತೈತಲ್ಲ ಅಷ್ಟಾ ಮುಂದ ನಿಂತಿರ್ತೈತಿ. ಮಂದಿ "ಹೇ ಅದು ಆಟ ಇರಬೇಕು ಬಿಡು, ಕೂಡೇತಿ" ಅಂದು ನಿಲ್ಲಿಸಿಬಿಡ್ತಾರ. ಕೂಡಿಲ್ಲ. ಸಡಿಲ ಮೊದಲಾ ತಗೊಂಡಿದ್ರ ಗೆರಿ ಕೂಡಿದಾಗ ನೂಲಿನಷ್ಟೂ ಆಚೀಚೆ ಇರೋದಿಲ್ಲ. 6 ಸುತ್ತಿಗೆ ನೋಡ್ರಿ, ಗಾಲಿ ಗೆರಿ ಮನಿಗೆ ಬಂದಿರ್ತೈತಿ, ಶಾಫ್ಟ್ 20ವರೆ ಬಂದು ಗೆರಿ ಪೂರಾ ಎದುರು ಮಗ್ಗಲ ಇರ್ತೈತಿ. ಹಂಗ ಅರ್ಧಕ್ಕ ಅರ್ಧ ಎದುರು ಬಂತು ಅಂದ್ರ ಖುಷಿ ಪಡ್ರಿ, ಲೆಕ್ಕ ಸರಿ ನಡದೈತಿ, ಅಷ್ಟಾ ಇನ್ನೊಂದ್ಸಲ ತಿರುಗಿಸ್ರಿ.

ಕೊಳ್ಳೋಕ ಹೋದಾಗ ಮಾಲಕ ಜಾಕ್ ಹಚ್ಚಾಕ ಬಿಡೋದಿಲ್ಲ ಅಂದ್ರ ಓಡಿಸಿ ನೋಡೋ ದಾರಿ ಐತಿ, ಅಷ್ಟು ಖಚಿತ ಅಲ್ಲ, ಆದ್ರ 6/41 ಮತ್ತ 7/41 ನಡುವ ಫರಕು ಹಿಡಿಯಾಕ ಸಾಕು. ಮೊದಲ ಟೈರಿನ ಸುತ್ತಳತಿ ತಗೋರಿ, ಟೈರಿಗೆ ಗೆರಿ, ನೆಲಕ್ಕ ಗೆರಿ, ಗಾಡಿ ನೆಟ್ಟಗ ಮೂರು ಸುತ್ತು ಮುಂದ ಹೋದ ಮ್ಯಾಲ ನೆಲದ ಮ್ಯಾಲ ಟೇಪ್ ಹಿಡದು ಮೂರರಿಂದ ಭಾಗಿಸ್ರಿ, ನನ್ನ 10.00-20 ಟೈರ್ 3.2 ಮೀಟರ್ ಬಂದಿತ್ತು. ಟಾಪ್ ಗೇರಿನಾಗ ಆರ್‌ಪಿಎಂ (ಇಂಜಿನ್ ನಿಮಿಷಕ್ಕ ತಿರುಗೋ ಸುತ್ತು) 1500 ಮ್ಯಾಲ ಅಲುಗದಂಗ ಹಿಡದು ಮಗ್ಗಲ ಕುಂತವ ಮೊಬೈಲ್ ಜಿಪಿಎಸ್‌ನಾಗ ಸ್ಪೀಡ್ ನೋಡಬೇಕು. ಆರ್‌ಪಿಎಂನ್ನ ಸುತ್ತಳತಿಯಿಂದ ಗುಣಿಸಿ, 0.06ರಿಂದ ಗುಣಿಸಿ, ಸ್ಪೀಡಿನಿಂದ ಭಾಗಿಸಿದ್ರ ರೇಶಿಯೋ. 1500ಕ್ಕೆ 3.2 ಮೀಟರ್ ಟೈರಿಗೆ 6/41 ಇದ್ರ 42 ಕಿಲೋಮೀಟರ್ ಸ್ಪೀಡ್ ಬರ್ತೈತಿ, 6/37ಕ್ಕೆ 47, 7/41ಕ್ಕೆ 49. ಇದು ಟಾಪ್ ಗೇರ್ ನೇರ, ಅಂದ್ರ ಒಂದಕ್ಕ ಒಂದು ಇದ್ರ ಮಾತ್ರ, ಹಳೇ ಐದು ಗೇರಿನ ಬಾಕ್ಸ್ ಹೆಚ್ಚಾಗಿ ಹಂಗಾ ಇರ್ತಾವ, ಓವರ್‌ಡ್ರೈವ್ ಬಾಕ್ಸ್ ಆದ್ರ ಅದರ ರೇಶಿಯೋನೂ ಲೆಕ್ಕಕ್ಕ ಸೇರಿಸಬೇಕು. ಆರ್‌ಪಿಎಂ ಮೀಟರ್ ಸತ್ತಿದ್ರ ಈ ದಾರಿ ಬಿಟ್ಟುಬಿಡ್ರಿ.

ಆರ್‌ಪಿಎಂ ಸತ್ತಿದ್ರೂ ಸ್ಪೀಡೋ ಮೀಟರ್ ಜೀವಂತ ಇದ್ರ ಅದೂ ಚಾಡಿ ಹೇಳ್ತೈತಿ. ಆ ಮೀಟರಿಗೆ ತಿರುಗೋದು ಗೇರ್ ಬಾಕ್ಸ್ ಹಿಂಬದಿಯಿಂದ ಬರ್ತೈತಿ, ಕಾರ್ಖಾನಿ ಕ್ರೌನ್ ಪಿನಿಯನ್ನಿಗೆ ಹೊಂದೋ ಹಂಗ ಅದನ್ನ ಸೆಟ್ ಮಾಡಿರ್ತಾರ. ಆಮ್ಯಾಲ ಯಾರರ 6/41 ತಗದು 7/41 ಹಾಕಿದ್ರ ಜಿಪಿಎಸ್ 60 ತೋರಿಸುವಾಗ ಮೀಟರ್ 51ರ ಸುತ್ತ ನಿಂತಿರ್ತೈತಿ. ನನ್ನ ಗಾಡಿ ಹಿಂಗಾ ತೋರಿಸ್ತಿತ್ತು, ನಾನು ಮೀಟರ್ ಹಳೇದಾಗೈತಿ ಅಂತ ಬೈತಿದ್ದೆ. 9.00-20 ಟೈರ್ ತಗದು 10.00-20 ಹಾಕಿದ್ರೂ ಮೀಟರ್ ಕಮ್ಮಿ ತೋರಿಸ್ತೈತಿ, ಆದ್ರ ಅದು ನೂರಕ್ಕ ಮೂರೋ ನಾಲ್ಕೋ ಅಷ್ಟಾ. ಕೊಂಡ ಗಾಡಿ ಓಡಿದ ಕಿಲೋಮೀಟರ್ ನಂಬೋ ಮುಂಚೆ ಇದನ್ನ ಒಂದ್ಸಲ ನೋಡ್ರಿ.

ಹತ್ತು ಟೈರಿನ ಗಾಡಿ ಆದ್ರ ಹಿಂದಿನದು ಎಳಿಯದಾ ಬರೇ ಭಾರ ಹೊರೋ ಡಮ್ಮಿ ಆಕ್ಸಲ್ಲೋ ಎರಡೂ ಎಳಿಯೋವೋ ಅಂತ ಬಗ್ಗಿ ನೋಡ್ರಿ, ಎರಡೂ ಎಳಿಯೋವಾದ್ರ ಎರಡನ್ನೂ ಬ್ಯಾರೆ ಬ್ಯಾರೆ ಎಣಿಸಬೇಕು, ಎರಡೂ ಒಂದಾ ಇರಬೇಕು, ಒಂದು 6/41 ಇನ್ನೊಂದು 6/37 ಇದ್ರ ಒಂದಕ್ಕೊಂದು ಜಗ್ಗಾಡಿ ಏನರ ಮುರಿಯೋದಾ. ಎಣಿಸುವಾಗ ಆಕ್ಸಲ್ ಲಾಕ್ ಹಾಕಿರಬಾರ್ದು. ಗಾಲಿ ಹಬ್ಬಿನಾಗ ಇನ್ನೊಂದು ಗೇರ್ ಸೆಟ್ ಇರೋ ಗಾಡಿಗಳಾಗ ಗೆರಿ ಕೂಡಿಸೋ ಲೆಕ್ಕದಿಂದ ಬರೋದು ಒಟ್ಟು ರೇಶಿಯೋ, ಕ್ರೌನಿನ ಹಲ್ಲು ಅಲ್ಲ, ಅಲ್ಲಿ ಈ ಯುಕ್ತಿ ನಡಿಯೋದಿಲ್ಲ.

ಕ್ರೌನ್ ಪಿನಿಯನ್ ಬದಲಿಸೋದಾ ಇದ್ರ ಹೆಂಗೂ ಗೋಳಾ ಇಳೀತೈತಿ, ಆವಾಗ ಎಣ್ಣಿ ಬಸಿಯುವಾಗ ಒಂದು ಹಳೇ ಬಿಳೇ ಬಟ್ಟಿ ಮ್ಯಾಲ ಒಂಚೂರು ಹಾಕ್ರಿ, ಬೆಳ್ಳಿ ಪುಡಿಯಂಗ ಹೊಳದ್ರ ಬೇರಿಂಗನ್ನೂ ನೋಡಬೇಕು. ಕ್ರೌನಿನ ಹಿಂಬದಿ ಇಲ್ಲ ಅಂಚಿನ ಮ್ಯಾಲ, ಪಿನಿಯನ್ ತುದಿ ಮ್ಯಾಲ ಹಲ್ಲಿನ ನಂಬರ್ ಹೊಡದಿರ್ತಾರ, ಅದರ ಜೋಡಿ ಇನ್ನೊಂದು ನಂಬರ್ ಇರ್ತೈತಿ, ಆ ನಂಬರ್ ಕ್ರೌನ್ ಮ್ಯಾಲೂ ಪಿನಿಯನ್ ಮ್ಯಾಲೂ ಒಂದಾ ಇರಬೇಕು. ಜೋಡಿನಾ ಕಾರ್ಖಾನ್ಯಾಗ ಒಂದಕ್ಕೊಂದು ತಿಕ್ಕಿ ಕೂಡಿಸಿರ್ತಾರ, ಪಿನಿಯನ್ ಅಷ್ಟಾ ಹೊಸಾದು ಹಾಕಿ ರೊಕ್ಕ ಉಳಸ್ತೀನಿ ಅಂದ್ರ ತಿಂಗಳಾಗ ಮತ್ತ ಗುಂಯ್.

ಯಾವುದು ಒಳ್ಳೇದು ಅಂತ ಕೇಳಿದ್ರ, ಗಾಡಿ ಯಾವ ದಾರಿ ತುಳೀತೈತಿ ಹೇಳ್ರಿ ಅಂತೀನಿ. ಗೋವಾ ಗಡಿಯ ಅನಮೋಡ ಘಾಟಿನಾಗ ತುಂಬಿದ ಗಾಡಿ ದಿನಾ ಏರಸ್ತೀರಿ ಅಂದ್ರ 6/41 ಕೈ ಬಿಡಬ್ಯಾಡ್ರಿ. 7/41 ಹಾಕಿದ್ರ ಅದಾ ಆರ್‌ಪಿಎಂಗೆ ಓಟ ಆರರಲ್ಲೊಂದು ಭಾಗ ಜಾಸ್ತಿ, ಆದ್ರ ಎಳೆತ ಏಳರಲ್ಲೊಂದು ಭಾಗ ಕಮ್ಮಿ, ಪುಣೆ ಸಾತಾರಾ ನಡುವಿನ ಖಂಬಾಟಕಿ ಘಾಟು ಏರುವಾಗ ಒಂದು ಗೇರ್ ಮೊದಲಾ ಇಳಿಸಬೇಕಾಗ್ತೈತಿ. ನನ್ನ ಲೈನ್ ಬಹುಪಾಲು ಸಪಾಟ, ಸಾತಾರಾ ದಾಟಿದ ಮ್ಯಾಲ ನಿಪ್ಪಾಣಿ ಹತ್ರ ತವಂದಿ ಘಾಟು ಬಿಟ್ರ ಅಂಥಾ ಏರು ಸಿಗೋದು ಕಮ್ಮಿ, ಅದಕ್ಕ ನಾನು 7/41 ಇಟ್ಕೊಂಡೆ. ಗೋವಾದಾಗ ಗಣಿ ಟಿಪ್ಪರಿಗೆ ಯಾಕ 7/41 ಹಾಕಿದ್ರೋ ಆ ಹಿಂದಿನ ಮಾಲಕನಿಗೇ ಗೊತ್ತು.

ಎಣಿಸಿ ಮುಗದ ಮ್ಯಾಲ ಗಾಲಿ ಇಳಿಸಿ, ಹ್ಯಾಂಡ್ ಬ್ರೇಕ್ ಹಾಕಿ, ಆಮ್ಯಾಲನಾ ಅಡ್ಡ ಕಟಗಿ ತಗೀರಿ, ಈ ಕ್ರಮ ತಪ್ಪಬ್ಯಾಡ್ರಿ. ಬಿಳೇ ಪೇಂಟ್ ತಗೊಂಡು ಹೌಸಿಂಗ್ ಹಿಂದ ದೊಡ್ಡದಾಗಿ 7/41 ಅಂತ ಬರದು ತಾರೀಖು ಹಾಕ್ರಿ. ನನ್ನ ಗಾಡಿ ಹಿಂದ ಬರೋ ಡ್ರೈವರ್‌ಗಳು ಅದನ್ನ ನೋಡಿ ಲಾಟರಿ ನಂಬರ್ ಏನ್ರಿ ಅಂತ ಢಾಬಾದಾಗ ಕೇಳ್ತಾರ.